ಎ ಗುಂಪಿನ ಕೊನೆಯ ಪಂದ್ಯ

ಜನವರಿ 6, ಸೋಮವಾರ

ಏಳಕ್ಕೇ ಕಾಲೇಜು ತಲುಪಿದೆ. ಇನ್‌ಡೋರ್ ಹಾಲ್‌ನ ಬೀಗ ತೆಗೆದರೆ ಒಳಗೆ ಎರಡು ಪಾರಿವಾಳ. ಅವನ್ನು ಅಟ್ಟುವಷ್ಟರಲ್ಲಿ ಅರ್ಧ ಬೆಳಗು ಹೋಯಿತು. ನೆಟ್ ನಡುವಲ್ಲಿ ಜೋತುಬಿದ್ದಿತ್ತು, ಬಿಗಿದೆ. ಚೆಂಡುಗಳಿಗೆ ಗಾಳಿ ಹೊಡೆದೆ, ಪಂಪಿನ ಸೂಜಿ ಮುರಿಯಿತು. ಫುಟ್‌ಬಾಲ್ ಹುಡುಗರು ಕೆಸರು ಬೂಟಿನಲ್ಲೇ ಕಾರಿಡಾರ್ ತುಳಿದಿದ್ದರು, ಬೈದೆ. ಬಸ್ಸಿಗೆ ಪರ್ಮಿಷನ್, ಎರಡು ಸಹಿ, ಒಂದು ಜಗಳ. ದಿನವೂ ಇಷ್ಟೇ.

ಆಮೇಲೆ ಪ್ರಿನ್ಸಿಪಾಲರು ಕರೆಸಿದರು. ಅಂತರ ಕಾಲೇಜು ಮಹಿಳಾ ವಾಲಿಬಾಲ್ ಪಂದ್ಯಾವಳಿ ಈ ಸಲ ನಮಗೆ ಸಿಕ್ಕಿದೆ! ಎಂಟು ಕಾಲೇಜು. ಫೈನಲ್ ತಲುಪುವ ಎರಡೂ ತಂಡಗಳು ರಾಷ್ಟ್ರಮಟ್ಟಕ್ಕೆ ಹೋಗುತ್ತವೆ. ಈ ಕಾಲೇಜಿನ ಇತಿಹಾಸದಲ್ಲಿ ಇಂಥದ್ದು ನಡೆದೇ ಇಲ್ಲ. ಕೂತ ಕುರ್ಚಿಯಿಂದ ಎದ್ದುಬಿಟ್ಟೆ. ಕೂತ್ಕೊಳ್ಳಿ ಎಂದರು, ಕೂತೆ, ಮತ್ತೆ ಎದ್ದೆ.

ಪೆನ್ನಿನ ಕ್ಯಾಪ್ ತಿರುಗಿಸುತ್ತಾ ಇನ್ನೊಂದು ಮಾತು ಹೇಳಿದರು. ನನ್ನ ಬಾಗಿಲ ಮೇಲೆ ಮೂರು ವರ್ಷದಿಂದ 'ಪ್ರಭಾರ ಕ್ರೀಡಾ ನಿರ್ದೇಶಕಿ' ಎಂದೇ ಇದೆ. ಅದಕ್ಕೂ ಮುಂಚೆ ಹದಿನೆಂಟು ವರ್ಷ ಸಹಾಯಕಿ. ಪಂದ್ಯಾವಳಿ ಚೆನ್ನಾಗಿ ನಡೆದರೆ ಕುಲಪತಿಗಳು ಖಾಯಂ ಆರ್ಡರಿಗೆ ಸಹಿ ಹಾಕುತ್ತಾರಂತೆ. ಹಾಳಾದರೆ ಏನು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊರಗೆ ಬಂದವಳು ಸೀದಾ ಹಾಲ್‌ಗೆ. ಯಾರೂ ಇರಲಿಲ್ಲ. ಚಪ್ಪಲಿ ಬಿಟ್ಟು ಇಡೀ ಹಾಲ್ ಒಂದು ಸುತ್ತು ಓಡಿದೆ. ಐವತ್ತೊಂದಕ್ಕೆ ಇದೆಲ್ಲ ಬೇಕಿತ್ತಾ... ಬೇಕಿತ್ತು.

ಜನವರಿ 9, ಗುರುವಾರ

ಮೂರು ದಿನ ಬಾಯಿ ಬಿಗಿಹಿಡಿದಿದ್ದೆ. ಇವತ್ತು ಊಟಕ್ಕೆ ಕುಳಿತಾಗ ಹೇಳಿಬಿಟ್ಟೆ. ಇವರದು ಔಷಧಿ ಅಂಗಡಿ. ಬ್ಯಾಂಡೇಜು, ಸ್ಪ್ರೇ ಎಷ್ಟು ಬೇಕು ಅಂತ ಮೊದಲೇ ಹೇಳಿಬಿಡು ಎಂದರು. ಅಭಿನಂದನೆ ಹೇಳುವುದು ಅವರು ಹೀಗೆಯೇ. ಅತ್ತೆಗೆ ನನ್ನ ಕೆಲಸ ಇಷ್ಟು ವರ್ಷವಾದರೂ ಪೀಪಿ ಊದುವ ಕೆಲಸ. ಖಾಯಂ ಆದರೆ ದೊಡ್ಡ ಪೀಪಿ ಕೊಡುತ್ತಾರಾ ಎಂದು ಕೇಳಿದರು.

ಮಗಳು ಗುಬ್ಬಿ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳನ್ನು ನಮ್ಮ ಕಾಲೇಜಿಗೇ ಸೇರು ಎಂದು ಎಷ್ಟು ಬೇಡಿಕೊಂಡಿದ್ದೆ. ಅಮ್ಮನ ಕೃಪೆಯಿಂದ ಟೀಮಿಗೆ ಬಂದಳು ಅನ್ನುತ್ತಾರೆ ಎಂದು ಊರಿನ ಆಚೆ ತುದಿಯ ಕಾಲೇಜು ಸೇರಿದಳು. ಈಗ ಅಲ್ಲಿಯ ಕ್ಯಾಪ್ಟನ್. ಲಿಫ್ಟರ್. ಸ್ಮ್ಯಾಶ್ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು. ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಾಳೆ, ಬಾಯಿ ಮಾತ್ರ ನನ್ನ ಎರಡರಷ್ಟು. ಆ ಎಂಟು ಕಾಲೇಜಿನಲ್ಲಿ ಅವಳದೂ ಒಂದು.

ಊಟವಾದ ಮೇಲೆ ಅವಳೇ ಕಾನೂನು ಮಾಡಿದಳು. ಪಂದ್ಯಾವಳಿ ಮುಗಿಯುವವರೆಗೆ ಮನೆಯಲ್ಲಿ ಆಟದ ಮಾತಿಲ್ಲ. ಯಾರು ಬಾಯಿ ಬಿಡುತ್ತಾರೋ ಅವರು ಎಲ್ಲರ ಪಾತ್ರೆ ತೊಳೆಯಬೇಕು. ಒಪ್ಪಿದೆ. ಕೈ ಒರೆಸಿಕೊಳ್ಳುವುದರೊಳಗೆ ಹೊಸ ನೆಟ್ ತರಿಸುವ ವಿಷಯ ಎತ್ತಿದೆ. ಪಾತ್ರೆ ತೊಳೆದೆ.

ಫೆಬ್ರವರಿ 3, ಸೋಮವಾರ

ಬರೆಯಲು ಪುರುಸೊತ್ತೇ ಇಲ್ಲ. ಹೊಸ ನೆಟ್ ಬಂತು. ಗ್ಯಾಲರಿಯ ಮುರಿದ ಬೆಂಚುಗಳಿಗೆ ಬಡಗಿ ಬಂದ. ನೆಲದ ಗೆರೆಗಳನ್ನು ಹೊಸದಾಗಿ ಬಳಿಸಿದ್ದಾಯಿತು. ಎಂಟು ತಂಡಕ್ಕೆ ರೂಮು, ಎಂಟು ಮ್ಯಾನೇಜರುಗಳಿಂದ ತಕರಾರು. ಒಬ್ಬರಿಗೆ ಫ್ಯಾನ್ ಸದ್ದು ಮಾಡುತ್ತದೆ, ಇನ್ನೊಬ್ಬರಿಗೆ ಫ್ಯಾನೇ ಇಲ್ಲ. ಫೋನ್ ಕಿವಿಗೇ ಅಂಟಿಕೊಂಡಿದೆ. ಸುಸ್ತು. ಆದರೂ ಬೆಳಗಾದರೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ನಿದ್ದೆಯಲ್ಲಿ ಬಾಯಲ್ಲೇ ಸೀಟಿ ಊದಿದೆನಂತೆ, ಇವರು ದೂರು ಕೊಟ್ಟರು.

ಇವತ್ತು ಚೀಟಿ ಎತ್ತಿ ಗುಂಪು ಮಾಡಿದೆವು, ಎಲ್ಲ ಮ್ಯಾನೇಜರುಗಳ ಎದುರಿಗೆ. ನಾಲ್ಕು ತಂಡಗಳ ಎರಡು ಗುಂಪು. ನಾವು ಎ. ಗುಬ್ಬಿಯ ತಂಡ... ಅದೂ ಎ. ನನ್ನ ಮುಖ ನೋಡಿ ಎಲ್ಲರೂ ನಕ್ಕರು. ಬಿ ಗುಂಪಿನಲ್ಲಿ ರೋಡ್‌ರೋಲರ್‌ಗಳು. ಸಾಲಾಗಿ ಮೂರು ವರ್ಷ ಗೆದ್ದ ಚಾಂಪಿಯನ್ ತಂಡಕ್ಕೆ ನಾನಿಟ್ಟ ಹೆಸರು ಅದು. ಎದುರಿಗೆ ಬಂದವರನ್ನು ಸಮ ಮಾಡಿ ಮುಂದೆ ಹೋಗುತ್ತಾರೆ.

ಗುಂಪಿನಲ್ಲಿ ಎಲ್ಲರೂ ಎಲ್ಲರ ಮೇಲೆ ಆಡಬೇಕು. ಮೊದಲ ಎರಡು ಸ್ಥಾನದವರು ಸೆಮಿಫೈನಲ್‌ಗೆ. ಅಲ್ಲಿ ಎ ಮೊದಲಿಗರಿಗೆ ಬಿ ಎರಡನೆಯವರು, ಬಿ ಮೊದಲಿಗರಿಗೆ ಎ ಎರಡನೆಯವರು. ಎಲ್ಲ ಕಡೆ ನಡೆಯುವುದು ಹೀಗೇ.

ಫೆಬ್ರವರಿ 7, ಶುಕ್ರವಾರ

ವೇಳಾಪಟ್ಟಿ ಮುಗಿಯಿತು. ನನ್ನ ತಲೆಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಆದದ್ದು ಹೀಗೆ. ಕುಲಪತಿಗಳಿಗೆ ಬಿಡುವಿರುವುದು 22ರ ಶನಿವಾರ ಸಂಜೆ ಮಾತ್ರ. ಆ ಹೊತ್ತಿಗೆ ನಮ್ಮ ಕಾಲೇಜಿನ ಪಂದ್ಯವೇ ನಡೆಯಬೇಕು, ಹಾಲ್ ಕಿಕ್ಕಿರಿದಿರಬೇಕು ಎಂದು ಪ್ರಿನ್ಸಿಪಾಲರ ಆಸೆ. ಸಾಮಾನ್ಯವಾಗಿ ಎರಡು ಗುಂಪಿನ ಕೊನೆಯ ಪಂದ್ಯಗಳನ್ನು ಎರಡು ಅಂಕಣಗಳಲ್ಲಿ ಒಂದೇ ಹೊತ್ತಿಗೆ ಆಡಿಸುತ್ತಾರೆ. ನಮ್ಮಲ್ಲಿರುವುದು ಒಂದು ಅಂಕಣ. ಪಕ್ಕದ ಶಾಲೆಯದನ್ನು ಕೇಳಬಹುದಿತ್ತು, ಆದರೆ ಅರ್ಧ ಜನ ಅಲ್ಲಿಗೆ ಹೋಗುತ್ತಾರೆ. ಅದಕ್ಕೇ ಬಿ ಗುಂಪನ್ನು ಶುಕ್ರವಾರವೇ ಪೂರ್ತಿ ಮುಗಿಸಿಬಿಡುತ್ತೇನೆ. ಶನಿವಾರ ಸಂಜೆಗೆ ಒಂದೇ ಪಂದ್ಯ, ಎ ಗುಂಪಿನ ಕೊನೆಯದು. ನಾವು ಮತ್ತು ಗುಬ್ಬಿಯ ತಂಡ.

ನಮ್ಮ ಕೋಚ್ ನೋಡಿ ಭರ್ಜರಿ ಮೇಡಂ ಎಂದರು. ಪ್ರಿನ್ಸಿಪಾಲರು ಎರಡು ಸಲ ಓದಿ ಕಾಫಿ ತರಿಸಿದರು. ಅವರ ರೂಮಿನಲ್ಲಿ ನನಗೆ ಕಾಫಿ ಬಂದದ್ದು ಇದೇ ಮೊದಲು.

ಫೆಬ್ರವರಿ 20, ಗುರುವಾರ, ರಾತ್ರಿ ಊಟಕ್ಕೆ ಮುಂಚೆ

ಶುರುವಾಯಿತು!

ಗಂಟಲು ಬಿದ್ದುಹೋಗಿದೆ. ಗ್ಯಾಲರಿಯಲ್ಲಿ ಕಾಲಿಡಲು ಜಾಗವಿಲ್ಲ. ಇತಿಹಾಸದ ಮೇಷ್ಟ್ರು ತರಗತಿ ಬಿಟ್ಟು ಬಂದು ಬೆಂಚಿನ ಮೇಲೆ ನಿಂತಿದ್ದರು. ನಾವು ಗೆದ್ದೆವು. ಗುಬ್ಬಿಯ ತಂಡವೂ ಗೆದ್ದಿತು. ಅವಳು ಆಡುವಾಗ ಚಪ್ಪಾಳೆ ತಟ್ಟಬಾರದು ಎಂದು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಸಂಘಟಕಿ ಅಂದಮೇಲೆ ಹಾಗೇ ಇರಬೇಕು. ಹಿಂದೆ ನೋಡದೇ ಚೆಂಡನ್ನು ಬೆನ್ನ ಹಿಂದಕ್ಕೆ ಎತ್ತಿಕೊಟ್ಟಳು ಒಂದು ಸಲ. ಕೈ ತಾನಾಗಿ ಹೊರಗೆ ಬಂತು. ಯಾರೂ ನೋಡಲಿಲ್ಲ ಅಂದುಕೊಳ್ಳುತ್ತೇನೆ.

ಮನೆಯಲ್ಲಿ ಇಬ್ಬರೂ ಬಾಯಿ ಬಿಡಲಿಲ್ಲ. ಅತ್ತೆ ಇಬ್ಬರ ಮುಖವನ್ನೂ ನೋಡಿ ನೋಡಿ ಸುಸ್ತಾದರು.

ಫೆಬ್ರವರಿ 21, ಶುಕ್ರವಾರ, ಮಧ್ಯಾಹ್ನ

ನಂಬಲಾಗುತ್ತಿಲ್ಲ. ರೋಡ್‌ರೋಲರ್‌ಗಳು ಸೋತರು.

ಬೆಳಗ್ಗೆ ಬಸ್ಸಿನಿಂದ ಇಳಿಯುವಾಗ ಅವರ ಮುಖ್ಯ ಸ್ಮ್ಯಾಶರ್ ಕಾಲು ಉಳುಕಿಸಿಕೊಂಡಳು. ಆ ಉದ್ದನೆಯ ಹುಡುಗಿ ಬೆಂಚಿನ ಮೇಲೆ ಐಸ್ ಹಿಡಿದು ಕೂತಿದ್ದಳು, ಅವಳಿಲ್ಲದೆ ತಂಡ ತತ್ತರಿಸಿತು. ಹಳದಿ ಜರ್ಸಿಯ ಹುಡುಗಿಯರು ಗೆದ್ದು ಬಿ ಗುಂಪಿಗೆ ಮೊದಲಿಗರಾದರು, ರೋಡ್‌ರೋಲರ್‌ಗಳು ಎರಡನೆಯವರು. ಅವರ ಮ್ಯಾನೇಜರ್ ಮೀಸೆ ಸರ್ ಅಂಕಣದ ನಡುವೆ ಕುಣಿದರು. ಅಷ್ಟು ದೊಡ್ಡ ಮೀಸೆಯವರು ಕುಣಿಯುವುದನ್ನು ನಾನು ನೋಡಿರಲಿಲ್ಲ. ಇವರ ಅಂಗಡಿಯ ಬ್ಯಾಂಡೇಜು ಆ ಹುಡುಗಿಯ ಕಾಲಿಗೆ ಹೋಯಿತು. ಭಾನುವಾರ ಆಡುತ್ತಾಳೆ ಎಂದು ಡಾಕ್ಟರು ಹೇಳಿದ್ದಾರೆ.

ಪಂದ್ಯಾವಳಿ ಅಂದರೆ ಹೀಗಿರಬೇಕು. ಎ ಗುಂಪಿನಲ್ಲಿ ನಾವೂ ಗುಬ್ಬಿಯ ತಂಡವೂ ಎರಡೆರಡು ಗೆದ್ದಿದ್ದೇವೆ, ಇಬ್ಬರೂ ಸೆಮಿಗೆ ಹೋಗುವುದು ಖಚಿತ. ನಾಳೆ ಸಂಜೆ ಮೊದಲ ಸ್ಥಾನಕ್ಕೆ ಆಟ. ಕುಲಪತಿಗಳ ಎದುರಿಗೆ. ನನ್ನಷ್ಟು ಅದೃಷ್ಟವಂತೆ ಯಾರು.

ಶುಕ್ರವಾರ, ಸಂಜೆ

ಗುಬ್ಬಿ ಕಾನೂನು ಮುರಿದಳು.

ಚಪ್ಪಲಿ ಬಿಡುತ್ತಲೇ ಹೇಳಿದಳು, "ಅಮ್ಮ, ನಾಳೆ ನಾವು ಸೋಲ್ತೀವಿ."

ನಕ್ಕೆ. ನಮ್ಮ ಹುಡುಗಿಯರ ಬಲ ಈಗಲಾದರೂ ಒಪ್ಪಿಕೊಂಡೆಯಲ್ಲ ಎಂದೆ.

"ಹಾಗಲ್ಲ. ಸೋಲಬೇಕು ಅಂತಲೇ ಆಡ್ತೀವಿ. ನಾಳೆ ಗೆದ್ದೋರಿಗೆ ಸೆಮಿಯಲ್ಲಿ ರೋಡ್‌ರೋಲರ್ ಸಿಗ್ತಾರೆ. ಸೋತೋರಿಗೆ ಹಳದಿ ಜರ್ಸಿ. ಆ ಉದ್ದದ ಹುಡುಗಿ ವಾಪಸ್ ಬಂದ್ಮೇಲೆ ರೋಡ್‌ರೋಲರ್‌ನ ಯಾರು ಸೋಲಿಸ್ತಾರೆ? ನಮ್ಮ ಕೋಚ್ ಹೇಳಿಬಿಟ್ಟಿದ್ದಾರೆ. ನಿಮ್ಮವರೂ ಹೇಳಿರ್ತಾರೆ, ಹೋಗಿ ಕೇಳು."

ಹೇಳಿದವಳು ನೇರ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಂತಳು. ಯಾರೂ ಹೇಳಿರಲಿಲ್ಲ.

ಮಂಚದ ಮೇಲೆ ಕೂತುಬಿಟ್ಟೆ. ಎರಡು ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವುದು ಏತಕ್ಕೆ? ಇದಕ್ಕೇ. ಆಚೆ ಗುಂಪಿನಲ್ಲಿ ಯಾರು ಎಷ್ಟನೆಯವರು ಎಂದು ಗೊತ್ತಿಲ್ಲದಿದ್ದರೆ ಎಲ್ಲರೂ ಗೆಲ್ಲಲೇ ಆಡುತ್ತಾರೆ. ಬಿ.ಪಿ.ಎಡ್‌ನ ಮೊದಲ ವರ್ಷದ ಪಾಠ. ಕಿಕ್ಕಿರಿದ ಹಾಲ್‌ನ ಆಸೆಗೆ ಬಿದ್ದು ಅದನ್ನೇ ಮರೆತೆ. ಈಗ ಎರಡೂ ತಂಡ ಸೋಲಲು ಪೈಪೋಟಿ ನಡೆಸುತ್ತವೆ. ಕುಲಪತಿಗಳ ಎದುರಿಗೆ.

ಇವರು ಬಂದು, ಏನಾಯ್ತು ಮುಖ ಹೀಗಿದೆ, ಮಾತ್ರೆ ಕೊಡಲಾ ಎಂದರು. ಇದಕ್ಕೆ ಮಾತ್ರೆ ಇಲ್ಲ ಎಂದೆ.

ಫೆಬ್ರವರಿ 22, ಶನಿವಾರ, ಬೆಳಗ್ಗೆ

ನಮ್ಮ ಕೋಚ್‌ರನ್ನು ಕೇಳಿದೆ. ಅವರು ಶೂ ಲೇಸ್ ಕಟ್ಟುತ್ತಾ ಕಟ್ಟುತ್ತಾ, ಹುಡುಗಿಯರು ನ್ಯಾಷನಲ್ ಆಡಬೇಕಲ್ವಾ ಮೇಡಂ ಎಂದರು. ಲೇಸ್ ಕಟ್ಟಿ ಮುಗಿದರೂ ತಲೆ ಎತ್ತಲಿಲ್ಲ. ಪಾಪ, ಅವರ ಮೇಲೆ ಸಿಟ್ಟು ಮಾಡಲು ನನಗೇನು ಹಕ್ಕು. ದಾರಿ ತೋರಿಸಿದವಳು ನಾನು.

ಪ್ರಿನ್ಸಿಪಾಲರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಅರಳಿತು.

"ಸೋತ್ರೇ ಲಾಭ ಅನ್ನೋದಾದ್ರೆ ಸೋಲಲಿ ಬಿಡಿ. ಕುಲಪತಿಗಳಿಗೆ ವಾಲಿಬಾಲ್ ಎಷ್ಟು ಗೊತ್ತಿರತ್ತೆ? ಸೋಮವಾರ ನಮ್ಮ ಟೀಮ್ ಫೈನಲ್‌ನಲ್ಲಿರತ್ತೆ, ನಿಮ್ಮ ಆರ್ಡರ್ ನಿಮ್ಮ ಕೈಲಿರತ್ತೆ. ನೀವು ಸುಮ್ನಿರಿ, ಅಷ್ಟು ಸಾಕು."

ಸುಮ್ಮನಿರಲು ನನಗೂ ಆಸೆಯಾಯಿತು. ಸುಳ್ಳು ಯಾಕೆ ಬರೆಯಲಿ. ಇಪ್ಪತ್ತೊಂದು ವರ್ಷ. ಬಾಗಿಲ ಮೇಲಿನ ಆ 'ಪ್ರಭಾರ' ಅಳಿಸಿಹೋಗುವುದನ್ನು ಕಣ್ಣಿಂದ ನೋಡಬೇಕು. ಒಂದು ಸಂಜೆ ಬಾಯಿ ಮುಚ್ಚಿಕೊಂಡು ಕೂತರೆ ಆಯಿತು.

ಆದರೂ ಮ್ಯಾನೇಜರುಗಳನ್ನು ಕೂರಿಸಿ ಒಂದು ದಾರಿ ಮುಂದಿಟ್ಟೆ. ಸಂಜೆ ಗೆದ್ದವರು ಸೆಮಿಯಲ್ಲಿ ತಮಗೆ ಯಾರು ಬೇಕೆಂದು ತಾವೇ ಆರಿಸಿಕೊಳ್ಳಲಿ. ಆಗ ಇಬ್ಬರಿಗೂ ಗೆಲ್ಲುವುದೇ ಬೇಕಾಗುತ್ತದೆ. ಉಳಿದವರು ಒಪ್ಪಿದರು, ಮೀಸೆ ಸರ್ ಮಾತ್ರ ಎದ್ದು ನಿಂತರು. ತಮ್ಮ ಹುಡುಗಿಯರು ಮೊದಲ ಸ್ಥಾನ ಗಳಿಸಿದ್ದಾರೆ, ಅವರಿಗೆ ಎರಡನೆಯ ಸ್ಥಾನದವರೇ ಬರಬೇಕು, ಅಚ್ಚಾದ ನಿಯಮ ನಡುವೆ ಬದಲಾಗಬಾರದು ಎಂದರು. ಮಾತು ನ್ಯಾಯವಾದದ್ದೇ. ಅವರು ಒಪ್ಪದೆ ನಿಯಮ ಬದಲಾಯಿಸುವ ಹಾಗಿಲ್ಲ. ಸಭೆ ಮುಗಿಯಿತು.

ಹಾಲ್ ಈಗಲೇ ತುಂಬುತ್ತಿದೆ. ನನ್ನ ರೂಮಿನ ಕಿಟಕಿಯಿಂದ ಕಾಣುತ್ತದೆ. ಡೋಲು ಬೇರೆ ತಂದಿದ್ದಾರೆ.

ಶನಿವಾರ, ಸಂಜೆ

ಅಕ್ಷರ ಸೊಟ್ಟ ಸೊಟ್ಟ. ಇರಲಿ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಕುಲಪತಿಗಳು ಬಂದರು, ಎರಡೂ ತಂಡದವರ ಕೈಕುಲುಕಿದರು. ಸೀಟಿ. ನಮ್ಮ ಹುಡುಗಿಯ ಮೊದಲ ಸರ್ವೀಸ್ ಸೀದಾ ನೆಟ್‌ಗೆ. ಜನ ಅಯ್ಯೋ ಎಂದರು. ಅವರ ಸರ್ವೀಸೂ ನೆಟ್‌ಗೆ. ಮತ್ತೆ ನಮ್ಮದು, ನೆಟ್‌ಗೆ. ಮೊದಲು ನಗು, ಆಮೇಲೆ ಗುಸುಗುಸು. ಒಬ್ಬಳು ಸ್ಮ್ಯಾಶ್ ಹೊಡೆದ ಚೆಂಡು ಛಾವಣಿಗೆ ತಗುಲಿತು. ಗುಬ್ಬಿ ಎತ್ತಿಕೊಟ್ಟ ಚೆಂಡನ್ನು ಯಾರೂ ಮುಟ್ಟದೆ ನೆಲಕ್ಕೆ ಬಿಟ್ಟರು. ಅವಳ ಮುಖ ನೋಡಲಾಗಲಿಲ್ಲ. ಡೋಲು ನಿಂತಿತು. ಹಿಂದಿನ ಬೆಂಚಿನಿಂದ ಕೂಗು ಶುರುವಾಯಿತು, ನೀವೇ ಸೋಲಿ, ಇಲ್ಲ ನೀವೇ ಸೋಲಿ ಎಂದು. ಖಾಲಿ ಬಾಟಲಿಯೊಂದು ಅಂಕಣಕ್ಕೆ ಬಿತ್ತು. ಹುಡುಗಿಯರು ಅಳು ಬಂದವರ ಹಾಗೆ ನಿಂತಿದ್ದರು.

ಕುಲಪತಿಗಳು ಪ್ರಿನ್ಸಿಪಾಲರ ಕಿವಿಯಲ್ಲಿ ಏನೋ ಕೇಳಿದರು. ಪ್ರಿನ್ಸಿಪಾಲರು ನನ್ನ ಕಡೆ ನೋಡಿ ಕಣ್ಣಲ್ಲೇ ಕೂರಿ ಎಂದರು. ಆಗ ಗೊತ್ತಾಯಿತು ನಾನು ಎದ್ದು ನಿಂತಿದ್ದೇನೆಂದು.

ರೆಫ್ರಿಗೆ ಕೈ ತೋರಿಸಿದೆ. ಪಂದ್ಯ ನಿಂತಿತು. ಮೈಕ್ ತೆಗೆದುಕೊಂಡೆ. ಅದು ಕಿರ್ರೆಂದಿತು.

"ಈ ಹುಡುಗೀರನ್ನ ಯಾರೂ ಬೈಬೇಡಿ. ಇವರು ಸೋಲೋಕೆ ಆಡ್ತಿರೋದು ನಿಜ. ಗೆದ್ರೆ ನಷ್ಟ ಆಗೋ ಹಾಗೆ ವೇಳಾಪಟ್ಟಿ ಮಾಡಿದ್ದು ನಾನು. ಇವತ್ತು ಹಾಲ್ ತುಂಬಿರಲಿ ಅಂತ ಆಸೆಪಟ್ಟು ಮಾಡಿದೆ. ತಪ್ಪು ನನ್ನದು."

ಸರಿಮಾಡಲು ಒಂದೇ ದಾರಿಯಿದೆ, ಗೆದ್ದವರು ತಮ್ಮ ಎದುರಾಳಿಯನ್ನು ಆರಿಸಿಕೊಳ್ಳಬೇಕು, ಆದರೆ ಅದಕ್ಕೆ ಹಳದಿ ಜರ್ಸಿಯವರು ತಮ್ಮ ಹಕ್ಕು ಬಿಟ್ಟುಕೊಡಬೇಕು, ಅವರು ಒಲ್ಲೆ ಎಂದರೆ ನಾನು ಏನೂ ಹೇಳುವ ಹಾಗಿಲ್ಲ ಎಂದೆ. ಸಾವಿರ ತಲೆಗಳು ಗ್ಯಾಲರಿಯ ಕಡೆ ತಿರುಗಿದವು. ಮೀಸೆ ಸರ್ ಅಲ್ಲಿ ತಮ್ಮ ಹುಡುಗಿಯರ ನಡುವೆ ಕೂತಿದ್ದರು. ನಿಧಾನಕ್ಕೆ ಎದ್ದರು. ಅಕ್ಕಪಕ್ಕದ ಹುಡುಗಿಯರೊಡನೆ ಏನೋ ಮಾತಾಡಿದರು.

"ನಮ್ಮ ಮಕ್ಕಳು ಯಾರ ಜೊತೆ ಬೇಕಾದ್ರೂ ಆಡ್ತಾರಂತೆ ಮೇಡಂ," ಎಂದು ಅಲ್ಲಿಂದಲೇ ಕೂಗಿದರು. "ಈ ಆಟ ಮಾತ್ರ ನಮ್ಮ ಕೈಲಿ ನೋಡೋಕಾಗಲ್ಲ."

ಆಮೇಲೆ ಹಾಲ್‌ನಲ್ಲಿ ಎದ್ದ ಸದ್ದಿಗೆ ಪಾರಿವಾಳಗಳೆಲ್ಲ ಊರು ಬಿಟ್ಟಿರಬೇಕು.

ಸೊನ್ನೆಯಿಂದ ಶುರುಮಾಡಿಸಿದೆ. ಎಂಥ ಆಟ! ಹತ್ತು ನಿಮಿಷದ ಹಿಂದೆ ನೆಟ್‌ಗೆ ಹೊಡೆಯುತ್ತಿದ್ದ ಹುಡುಗಿಯರೇ ಇವರು? ಬೆಂಚುಗಳಿಗೆ ಹಾರಿ, ನೆಲಕ್ಕೆ ಬಿದ್ದು, ಮಂಡಿ ತರಚಿಕೊಂಡು ಚೆಂಡು ಎತ್ತಿದರು. ಮೊದಲ ಸೆಟ್ ನಮ್ಮದು, ಎರಡನೆಯದು ಅವರದು, ಮೂರನೆಯದು ನಮ್ಮದು. ನಾಲ್ಕನೆಯದರಲ್ಲಿ ನಮ್ಮ ಕೋಚ್ ಕುರ್ಚಿ ಮುರಿದರು. ಐದನೆಯ ಸೆಟ್‌ನಲ್ಲಿ ಗುಬ್ಬಿಯ ತಂಡ ಗೆದ್ದಿತು. ನಮ್ಮ ಕಾಲೇಜು ಸೋತಿತು, ನನ್ನ ಮಗಳು ಗೆದ್ದಳು, ನಾನು ಎರಡಕ್ಕೂ ಅತ್ತೆ.

ರೆಫ್ರಿ ಅವಳನ್ನು ಮೈಕಿನ ಬಳಿ ಕರೆದು, ಯಾರು ಬೇಕು ಎಂದು ಕೇಳಿದರು. ಅವಳು ತಂಡದ ಹತ್ತಿರ ಹೋದಳು. ಎಲ್ಲರೂ ಹೆಗಲ ಮೇಲೆ ಕೈಹಾಕಿ ಸುತ್ತು ನಿಂತರು. ಒಬ್ಬಳು ತಲೆ ಅಲ್ಲಾಡಿಸಿದಳು, ಇನ್ನೊಬ್ಬಳು ಅವಳ ಬೆನ್ನಿಗೆ ಗುದ್ದಿದಳು. ಅವರ ಕೋಚ್ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಗುಬ್ಬಿ ವಾಪಸು ಬಂದಳು. ಮೈಕ್ ಅವಳ ಎತ್ತರಕ್ಕೆ ಸಿಗದೆ ಹಿಮ್ಮಡಿ ಎತ್ತಿ ನಿಂತಳು.

"ರೋಡ್‌ರೋಲರ್," ಎಂದಳು.

ಆ ಹೆಸರು ನಮ್ಮ ಮನೆಯದು. ಯಾರಿಗೂ ಅರ್ಥವಾಗಲಿಲ್ಲ. ನಾಲಿಗೆ ಕಚ್ಚಿಕೊಂಡು, ಹೋದ ವರ್ಷದ ಚಾಂಪಿಯನ್ನರು ಎಂದು ತಿದ್ದಿದಳು. ಗ್ಯಾಲರಿಯಲ್ಲಿ ಆ ಉದ್ದನೆಯ ಹುಡುಗಿ ಬ್ಯಾಂಡೇಜಿನ ಕಾಲಲ್ಲೇ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಫೆಬ್ರವರಿ 23, ಭಾನುವಾರ, ಬೆಳಗ್ಗೆ

ನಿನ್ನೆ ಮನೆಗೆ ಬಂದಾಗ ಗುಬ್ಬಿ ಮಂಡಿಗೆ ಐಸ್ ಇಟ್ಟುಕೊಂಡು ಕೂತಿದ್ದಳು. ಹುಚ್ಚು ಹಿಡಿದಿದೆಯಾ ನಿನಗೆ, ಕೈಗೆ ಬಂದ ನ್ಯಾಷನಲ್ ಬಿಟ್ಟೆಯಲ್ಲ ಎಂದು ಇವರು ಬೈಯುತ್ತಿದ್ದರು. ಬೈಯುತ್ತಲೇ ಅವಳ ಮಂಡಿಗೆ ಮುಲಾಮು ಹಚ್ಚುತ್ತಿದ್ದರು. ನಾನೂ ಕೇಳಿದೆ, ಯಾಕೆ ಹೀಗೆ ಮಾಡಿದೆ ಎಂದು.

"ಬೇಕೂಂತ ಚೆಂಡು ನೆಲಕ್ಕೆ ಬಿಟ್ಟಿದ್ದೀವಮ್ಮ, ಅಷ್ಟು ಜನದ ಮುಂದೆ. ಆಮೇಲೆ ಸುಲಭದ್ದನ್ನ ಆರಿಸ್ಕೊಂಡು ನ್ಯಾಷನಲ್‌ಗೆ ಹೋದ್ರೆ ಅಲ್ಲಿ ಏನಂತ ಆಡ್ಲಿ?" ಐಸ್ ಇನ್ನೊಂದು ಮಂಡಿಗೆ ಬದಲಾಯಿಸಿ, "ಮೈಕ್ ಹಿಡ್ಕೊಂಡಾಗ ನಿನ್ನ ಕಾಲು ನಡುಗ್ತಿತ್ತು. ನಮ್ಮ ಟೀಮ್ ಪೂರ್ತಿ ನೋಡ್ತು," ಎಂದಳು.

ಅತ್ತೆ ಇಬ್ಬರಿಗೂ ದೃಷ್ಟಿಯಾಗುತ್ತದೆ, ಮೊದಲು ಊಟ ಮಾಡಿ ಎಂದರು. ಪಾತ್ರೆ ಯಾರು ತೊಳೆಯಬೇಕು ಎಂದು ಯಾರೂ ಕೇಳಲಿಲ್ಲ. ಇವರು ತೊಳೆದರು.

ಊಟದ ನಡುವೆ ಪ್ರಿನ್ಸಿಪಾಲರ ಫೋನ್ ಬಂದಿತ್ತು. ಕುಲಪತಿಗಳು ಕಾರು ಹತ್ತುವಾಗ ಒಂದೇ ಮಾತು ಹೇಳಿದರಂತೆ, ಖಾಯಂ ವಿಷಯ ಮುಂದಿನ ವರ್ಷ ನೋಡೋಣ ಎಂದು. ಸುಮ್ಮನಿರಿ ಅಂದೆ, ಕೇಳಿದಿರಾ, ಎಂದು ಪ್ರಿನ್ಸಿಪಾಲರು ಇನ್ನೂ ಏನೇನೋ ಹೇಳಿದರು. ಸರಿ ಸರ್ ಎಂದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸಂಕಟವಾಯಿತು, ಬಹಳ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಬೆಳಗ್ಗೆ ಎದ್ದರೆ ವಿಚಿತ್ರ. ಆ ಸಂಕಟ ಇದ್ದಲ್ಲೇ ಇದೆ, ಆದರೆ ಕಾಲು ಮಾತ್ರ ಹಾಲ್‌ಗೆ ಓಡುತ್ತಿದೆ. ಇವತ್ತು ಎರಡು ಸೆಮಿಫೈನಲ್!

ಭಾನುವಾರ, ಮಧ್ಯಾಹ್ನ

ಆಟದ ನಡುವೆ ಬರೆಯುತ್ತಿದ್ದೇನೆ. ಹೀಗೆ ಯಾವತ್ತೂ ಮಾಡಿಲ್ಲ.

ಬೆಳಗಿನ ಸೆಮಿಯಲ್ಲಿ ನಮ್ಮವರು ಹಳದಿ ಜರ್ಸಿಯವರನ್ನು ಸೋಲಿಸಿ ಫೈನಲ್‌ಗೆ ಹೋದರು. ಸುಲಭವಾಗಿ ಅಲ್ಲ. ಆಟ ಮುಗಿದ ಮೇಲೆ ಮೀಸೆ ಸರ್ ಬಳಿ ಹೋಗಿ ಕೈಮುಗಿದೆ. ಬಿಡಿ ಮೇಡಂ, ಐದು ಸೆಟ್ ನೆಟ್ಟಗೆ ಆಡಿ ಸೋತಿದ್ದೇವೆ ಎಂದರು. ಕಣ್ಣು ಒದ್ದೆಯಾಗಿತ್ತು, ಇಬ್ಬರದೂ.

ಈಗ ಗುಬ್ಬಿಯ ತಂಡ, ರೋಡ್‌ರೋಲರ್. ಆ ಉದ್ದನೆಯ ಹುಡುಗಿ ಕಾಲಿಗೆ ಪಟ್ಟಿ ಸುತ್ತಿಕೊಂಡೇ ಬಂದಿದ್ದಾಳೆ, ಹೊಡೆದರೆ ನೆಲ ಅದುರುತ್ತದೆ. ಮೊದಲೆರಡು ಸೆಟ್ ಅವರದು. ಆಯಿತು, ಮುಗಿಯಿತು ಅಂದುಕೊಂಡೆ. ಮೂರನೆಯದು ಗುಬ್ಬಿಯ ಹುಡುಗಿಯರು ಗೆದ್ದರು. ನಾಲ್ಕನೆಯದೂ ಗೆದ್ದರು! ಐದನೆಯ ಸೆಟ್ ಹದಿನೈದು ಅಂಕಕ್ಕೆ. ಹದಿಮೂರು ಹದಿಮೂರು ಆಗಿದೆ, ಆಗಲೇ ಹಾಲ್ ಪೂರ್ತಿ ಕತ್ತಲು. ಕರೆಂಟ್ ಹೋಯಿತು. ಎಲೆಕ್ಟ್ರಿಷಿಯನ್ ಫ್ಯೂಸ್ ಬೋರ್ಡ್ ಬಿಚ್ಚಿ ಕೂತಿದ್ದಾನೆ, ಎಷ್ಟು ಹೊತ್ತು ಎಂದರೆ ಮಾತಾಡಿಸಬೇಡಿ ಮೇಡಂ ಅನ್ನುತ್ತಾನೆ. ಹುಡುಗಿಯರು ಕತ್ತಲಲ್ಲೇ ಮೈ ಬಿಸಿ ಆರದಂತೆ ಕುಣಿಯುತ್ತಿದ್ದಾರೆ. ಜನ ಫೋನಿನ ಬೆಳಕು ಹಿಡಿದಿದ್ದಾರೆ, ಒಬ್ಬರೂ ಎದ್ದು ಹೋಗಿಲ್ಲ. ಅಲ್ಲಿ ನಿಂತಿರಲಾಗದೆ ರೂಮಿಗೆ ಓಡಿಬಂದೆ. ಹೊರಗಿನ ಕಿಟಕಿಯ ಬಿಸಿಲಲ್ಲಿ ಇದನ್ನು ಗೀಚುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಈಗಷ್ಟೇ ಬಾಗಿಲಲ್ಲಿ ಯಾರೋ ನಿಂತರು. ಕುಲಪತಿಗಳು! ಇವತ್ತು ಅವರಿಗೆ ಆಹ್ವಾನವೇ ಇರಲಿಲ್ಲ. ಕೋಟು ಇಲ್ಲ, ಹಿಂದೆ ಮುಂದೆ ಜನ ಇಲ್ಲ. ಮೂರನೆಯ ಸೆಟ್‌ನಿಂದ ಹುಡುಗರ ಜೊತೆ ಗ್ಯಾಲರಿಯಲ್ಲೇ ಕೂತಿದ್ದರಂತೆ. ಕೂಗಿ ಕೂಗಿ ಗಂಟಲು ಒಣಗಿದೆ, ನೀರು ಬೇಕು ಎಂದರು. ಕೊಟ್ಟೆ. ನಿಂತೇ ಕುಡಿದರು. ಬಾಗಿಲ ಮೇಲಿನ ಬೋರ್ಡನ್ನು ಒಂದು ಸಲ ಓದಿದರು.

"ಗೆದ್ದೋರೇ ಆರಿಸ್ಕೋಬೇಕು ಅನ್ನೋ ಆ ನಿಯಮ ಚೆನ್ನಾಗಿದೆ. ಮುಂದಿನ ವರ್ಷವೂ ಇಟ್ಕೊಳ್ಳಿ," ಎಂದರು.

ಮುಂದಿನ ವರ್ಷ ನಾನಿರುತ್ತೇನೋ ಇಲ್ಲವೋ ಸರ್ ಎಂದೆ. ಬಾಯಿಗೆ ಬಂದೇಬಿಟ್ಟಿತು.

"ನೀವಿಲ್ದಿದ್ರೆ ಆಟ ನಿಲ್ಲಿಸೋ ಧೈರ್ಯ ಯಾರಿಗಿದೆ? ನಾಳೆ ಫೈನಲ್ ಮುಗಿದ ಮೇಲೆ ಬಂದು ಕಾಣಿ." ಲೋಟ ಮೇಜಿನ ಮೇಲಿಟ್ಟು, ಜಾಗ ಹೋಗುತ್ತೆ ಎಂದು ಹುಡುಗರ ಹಾಗೆ ಓಡಿದರು.

ಏನು ಹೇಳಿದರು ಅವರು? ಅಂದರೆ ನನಗೆ... ಇರು, ಸಮಾಧಾನವಾಗಿ ಬರೆಯಬೇಕು ಇದನ್ನು. ಅವರು ಹೇಳಿದ್ದು —

ಲೈಟ್ ಬಂತು. ಸೀಟಿ. ಹಾಲ್ ಕಡೆಯ ಕಿಟಕಿಯಿಂದ ಕಾಣುತ್ತಿದೆ, ಚೆಂಡು ಗುಬ್ಬಿಯ ಕೈಯಲ್ಲಿ, ಸರ್ವೀಸ್ ಅವಳ—